ಚಿಕ್ಕಮಾದುವಿನ ಬಣ್ಣ

ಮಂಗಳವಾರ ಯಾರೂ ಮುಹೂರ್ತ ಇಡುವುದಿಲ್ಲ. ಹಾಗಾಗಿ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮದುವೆ ಫೋಟೋಗ್ರಾಫರುಗಳಿಗೆ ಮಂಗಳವಾರವೇ ಭಾನುವಾರ. ಅವತ್ತು ಹನ್ನೊಂದು ಗಂಟೆಗೆಲ್ಲ ಅವರು ಮಂಡ್ಯದಲ್ಲಿ ಸ್ವಾಮಿಯ ಕಲರ್ ಲ್ಯಾಬಿನ ಮಹಡಿ ಮೆಟ್ಟಿಲು ಹತ್ತಿ ಬರುತ್ತಾರೆ. ಆ ವಾರ ಹೊಸ ಕ್ಯಾಮೆರಾ ಕೊಂಡವನು, ಲೆನ್ಸ್ ಕೊಂಡವನು ಅದನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ತೋರಿಸಬೇಕು, ವಡೆ ಕಾಫಿ ಕೊಡಿಸಬೇಕು. ಡಬ್ಬದ ಮೇಲೆ ನಿಂಬೆಹಣ್ಣು, ಕುಂಕುಮ. ಆಮೇಲೆ ಕ್ಯಾಮೆರಾ ಹಸುಗೂಸಿನ ಹಾಗೆ ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟುತ್ತದೆ. ತೂಕ ನೋಡುತ್ತಾರೆ, ಗಾಜು ನೋಡುತ್ತಾರೆ, ಕತ್ತಲಲ್ಲಿ ಹೇಗೆ ಬರುತ್ತದೆ ಎಂದು ವಾದ ಮಾಡುತ್ತಾರೆ.

ಆದರೆ ಯಾರೂ ಗುಂಡಿ ಒತ್ತುವ ಹಾಗಿಲ್ಲ. ಮೊದಲ ಚಿತ್ರ, ಅಂದರೆ ಬೋಣಿ, ಶುಭದ್ದೇ ಆಗಬೇಕು. ದೇವರದ್ದೋ, ಮದುಮಕ್ಕಳದ್ದೋ. ಹಿಂದೆ ಒಬ್ಬನ ಕ್ಯಾಮೆರಾದ ಬೋಣಿ ಸೀಮಂತದಲ್ಲಿ ಆಗಿ, ಆ ವರ್ಷ ಪೂರ್ತಿ ಅವನಿಗೆ ಸೀಮಂತಗಳೇ ಸಿಕ್ಕವು ಎಂದು ನಂಬಿರುವ ಜನ ಇವರು.

ಇದೇ ಕೋಣೆಯ ಮೂಲೆಯಲ್ಲಿ, ಕಿಟಕಿಗೆ ಬೆನ್ನು ಕೊಟ್ಟು, ಕಂಪ್ಯೂಟರ್ ಮುಂದೆ ಹದಿನೈದು ವರ್ಷದಿಂದ ಕೂತವಳು ಶಾಲಿನಿ. ಬೆಸಗರಹಳ್ಳಿಯಿಂದ ಮದ್ದೂರಿಗೆ ಒಂದು ಬಸ್ಸು, ಮದ್ದೂರಿಂದ ಮಂಡ್ಯಕ್ಕೆ ಇನ್ನೊಂದು. ಮೂರು ತಾಲೂಕಿನ ಮದುವೆಗಳ ಮುಖಗಳೆಲ್ಲ ಇವಳ ಕೈ ಮೇಲೆ ಹಾದು ಹೋಗಿವೆ. ಆ ಮದುವೆಗಳಲ್ಲಿ ಊಟದ ಪಂಕ್ತಿಗೆ ಇವಳನ್ನು ಕರೆದವರು ಎಷ್ಟು ಮಂದಿ, ಕರೆದರೂ ಎಲ್ಲಿ ಕೂರಿಸುತ್ತಿದ್ದರು ಎಂದು ಕೇಳಬೇಡಿ; ನಮ್ಮೂರ ಕಡೆಯವರಿಗೆ ಉತ್ತರ ಗೊತ್ತು. ಮಂಗಳವಾರದ ಮೇಜಿನ ಮೇಲೆ ಇಡಲು ಅವಳ ಹತ್ತಿರ ಯಾವತ್ತೂ ಏನೂ ಇರಲಿಲ್ಲ. ಯಾರೋ ಕೊಟ್ಟ ವಡೆಯನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಕೆಲಸ ಮುಂದುವರಿಸುತ್ತಿದ್ದಳು.

ಅವಳ ಕೆಲಸವೇನು ಎಂದು ಒಂದೇ ಮಾತಲ್ಲಿ ಹೇಳಬಹುದು: ಜನರನ್ನು ಬೆಳ್ಳಗೆ ಮಾಡುವುದು. ಆಲ್ಬಂಗೆ ಬರುವ ಪ್ರತಿ ಫೈಲಿನ ಜೊತೆ ಒಂದು ಚೀಟಿ ಬರುತ್ತದೆ: ‘ಎರಡು ಲೈಟ್’. ಎಂದರೆ, ಮುಖಗಳನ್ನು ಎರಡು ಮೆಟ್ಟಿಲು ಬೆಳ್ಳಗೆ ಮಾಡು. ಹುಡುಗಿ ತೀರಾ ಕಪ್ಪಿದ್ದರೆ ಮೂರು. ಗುಂಡಿ ಒತ್ತಿದರೆ ಹುಡುಗಿಯ ಜೊತೆ ಅವಳ ಅಪ್ಪ, ಅಮ್ಮ, ಪುರೋಹಿತ, ವಾಲಗದವರು ಎಲ್ಲರೂ ಬೆಳ್ಳಗಾಗುತ್ತಾರೆ. ಕಬ್ಬಿನ ಗದ್ದೆಯಲ್ಲಿ ಬೆಂದು ಬಂದ ಇಡೀ ಊರು ಆಲ್ಬಮ್ಮಿನಲ್ಲಿ ಹಾಲಲ್ಲಿ ಅದ್ದಿ ತೆಗೆದ ಹಾಗೆ ನಿಂತಿರುತ್ತದೆ. ಲಕ್ಷಗಟ್ಟಲೆ ಕೊಟ್ಟು ಕ್ಯಾಮೆರಾ ತರುವವರು ಇವರೇ, ಅದರಲ್ಲಿ ಚರ್ಮದ ಬಣ್ಣ ಎಷ್ಟು ನಿಜವಾಗಿ ಬರುತ್ತದೆ ಎಂದು ಹೊಗಳುವವರೂ ಇವರೇ, ಆಮೇಲೆ ಆ ಚೀಟಿ ಬರೆಯುವವರೂ ಇವರೇ. ಕೇಳಿದರೆ ‘ಕಸ್ಟಮರ್ ಕೇಳ್ತಾರೆ’ ಎನ್ನುತ್ತಾರೆ. ಕಸ್ಟಮರನ್ನು ಕೇಳಿದರೆ ‘ಎಲ್ಲರೂ ಹಂಗೇ ಮಾಡಿಸ್ತಾರೆ’ ಎನ್ನುತ್ತಾರೆ.

ಶಾಲಿನಿ ಈ ಗುಂಡಿಯನ್ನು ಮೊದಲು ಒತ್ತಿದ್ದು ತನ್ನ ಮುಖದ ಮೇಲೆಯೇ. ಗಂಡಿನ ಕಡೆಗೆ ಕಳಿಸುವ ಫೋಟೋ ಅದು. ಫೋಟೋ ಒಪ್ಪಿ ಬಂದವರು ಅವಳನ್ನು ನೋಡಿದರು, ಫೋಟೋ ನೋಡಿದರು, ಕಾಫಿ ಕುಡಿದು ಎದ್ದು ಹೋದರು. ಅವಳನ್ನು ಕೊನೆಗೆ ಮದುವೆಯಾದ ಅಶೋಕ್ ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ಅವನು ಫೋಟೋ ನೋಡಿರಲಿಲ್ಲ. ದಿನಾ ಬಸ್ಸಿನಲ್ಲಿ ನೋಡಿದ್ದ.

ಹೋದ ವರ್ಷ ಒಂದು ಮಂಗಳವಾರ ಮಳವಳ್ಳಿಯ ಸಿದ್ದೇಶ್ ಹೊಸ ಕ್ಯಾಮೆರಾ ತಂದಿದ್ದ. ಕೋಣೆಯಲ್ಲಿ ಎಂಟು ಹತ್ತು ಜನ. ಇಬ್ಬರ ಕೈಯಲ್ಲಿ ಹೊಸ ಲೆನ್ಸುಗಳು, ಉಳಿದವರು ರಜೆಯೆಂದು ಬರಿಗೈಯಲ್ಲಿ ಬಂದವರು. ಪಕ್ಕದಲ್ಲಿ ಸ್ವಾಮಿ ಹಿಂದಿನ ವಾರವಷ್ಟೇ ತರಿಸಿದ್ದ ಹತ್ತು ಇಂಕಿನ ಪ್ರಿಂಟರು. ಹತ್ತರಲ್ಲಿ ನಾಲ್ಕು ಕಪ್ಪು, ಬೂದು ಇಂಕುಗಳು. ಕಪ್ಪಿನಲ್ಲಿ ಅಷ್ಟು ಬಗೆಯಿದೆ ಎಂದು ಅದನ್ನು ಮಾಡಿದವನಿಗೆ ಗೊತ್ತಿತ್ತು, ಕೊಂಡವರಿಗೆ ಗೊತ್ತಿರಲಿಲ್ಲ.

ವಡೆ ಇನ್ನೂ ಬಿಸಿಯಿದ್ದಾಗ ಇಬ್ಬರು ಹೆಂಗಸರು ಮೆಟ್ಟಿಲು ಹತ್ತಿ ಬಂದರು. ಮುಂದೆ ಮರಿತಾಯಮ್ಮ, ಅರವತ್ತರ ಆಸುಪಾಸಿನವರು. ಹಿಂದೆ ಮಗಳು ಚಂದನ. ಮರಿತಾಯಮ್ಮನ ಗಂಡ ಚಿಕ್ಕಮಾದು ವಿ.ಸಿ. ಫಾರಂ ಎಂಬ ಸರ್ಕಾರಿ ಕೃಷಿ ಕ್ಷೇತ್ರದಲ್ಲಿ ಮೂವತ್ತು ವರ್ಷ ಕೂಲಿಯಾಳಾಗಿದ್ದವನು. ಹತ್ತು ದಿನದ ಹಿಂದೆ ತೀರಿಕೊಂಡಿದ್ದ. ನಾಳೆ ಬುಧವಾರ ತಿಥಿ. ಮೂರು ವರ್ಷದ ಹಿಂದೆ ಮದ್ದೂರಿನ ಛತ್ರದಲ್ಲಿ ಚಂದನಳ ಮದುವೆಗೆ ಫೋಟೋ ತೆಗೆದಿದ್ದ ಸಿದ್ದೇಶನೇ ಆಲ್ಬಮ್ಮಿನ ಫೈಲಿಂದ ಚಿಕ್ಕಮಾದುವಿನದೊಂದು ಚಿತ್ರ ಕಳಿಸಿದ್ದ. ಸೋಮವಾರ ಅದು ಪ್ರಿಂಟಾಗಿ, ಫ್ರೇಮಾಗಿ ಅವರ ಮನೆ ಸೇರಿತ್ತು. ಈಗ ಅದೇ ಫ್ರೇಮನ್ನು ಟವೆಲ್ಲಿನಲ್ಲಿ ಸುತ್ತಿ ವಾಪಸ್ಸು ತಂದಿದ್ದರು.

ಮರಿತಾಯಮ್ಮ ಟವೆಲ್ಲು ಬಿಚ್ಚಿ ಶಾಲಿನಿಯ ಮುಂದಿಟ್ಟರು.

“ಇದ್ ಯಾರವ್ವ?”

“ನಿಮ್ಮನೆಯವ್ರೇ ಕಣಮ್ಮ. ಮಗಳ ಮದ್ವೇಲಿ ತೆಗ್ದಿದ್ದು.”

“ಅಂಗಿ ಅವ್ರುದೇ. ವಾಚು ಅವ್ರುದೇ. ಒಳಗಿರೋರು ಮಾತ್ರ ಅವ್ರಲ್ಲ. ಯಾವ್ದೋ ಬ್ಯಾಂಕಿನ ಮೇನೇಜರ್ ಕಂಡಂಗ್ ಕಾಣ್ತಾರೆ. ನಾಳೀಕೆ ಇವ್ರ ಮುಂದೆ ಎಡೆ ಇಟ್ರೆ ನಮ್ಮನೆಯವ್ರು ಉಣ್ಣಕೆ ಬತ್ತಾರಾ?”

ಯಾರೋ ನಕ್ಕರು. ಸಿದ್ದೇಶ್ ಫ್ರೇಮಿಗೆ ಇಣುಕಿ, ಚೆನ್ನಾಗೇ ಬಂದಿದೆಯಲ್ಲಮ್ಮ, ಕಳೆ ಬಂದಿದೆ ಅಂದ. ಮರಿತಾಯಮ್ಮ ಅವನ ಕಡೆ ನೋಡಲಿಲ್ಲ.

ಬೇರೆ ಫೋಟೋ ಇರಲಿಲ್ಲವೇ? ಇದ್ದವು. ಆಧಾರ್ ಕಾರ್ಡಿನಲ್ಲಿ ಇದ್ದದ್ದು ಯಾರ ಮುಖ ಎಂದು ದೇವರೂ ಹೇಳಲಾರ. ಚಂದನಳ ಫೋನಿನಲ್ಲಿ ನಾಲ್ಕಿದ್ದವು: ಎರಡರಲ್ಲಿ ಬಗ್ಗಿ ನಾಟಿ ಮಾಡುತ್ತಿರುವ ಬೆನ್ನು, ಒಂದರಲ್ಲಿ ಮುಖದ ತುಂಬ ಟವೆಲ್ಲು, ಇನ್ನೊಂದರಲ್ಲಿ ಮುಖವಿದ್ದರೂ ಅದನ್ನು ಫೋನೇ ನುಣ್ಣಗೆ ಮಾಡಿ ಬೆಳಗಿಬಿಟ್ಟಿತ್ತು. ಫೋನಿಗೂ ಯಾರೋ ‘ಎರಡು ಲೈಟ್’ ಎಂದು ಹೇಳಿಕೊಟ್ಟಿದ್ದರು.

ಕ್ಯಾಮೆರಾದಿಂದ ಇಳಿಸಿದ ಅಸಲಿ ಫೈಲು ಇದೆಯೇ ಎಂದು ಶಾಲಿನಿ ಸಿದ್ದೇಶನನ್ನು ಕೇಳಿದಳು.

“ಮೂರು ವರ್ಸದ್ದಾ? ಆಲ್ಬಂ ಕೊಟ್ಮೇಲೆ ಯಾರಕ್ಕ ಮಡಿಕತಾರೆ ಅದನ್ನ.”

ಉಳಿದವರೂ ತಲೆ ಆಡಿಸಿದರು. ಯಾರೂ ಇಟ್ಟುಕೊಳ್ಳುವುದಿಲ್ಲ. ಜಾಗ ಬೇಕಲ್ಲ, ಮುಂದಿನ ಮದುವೆಗೆ.

ಶಾಲಿನಿ ಆಲ್ಬಮ್ಮಿನ ಫೈಲನ್ನೇ ತೆರೆದು ಕಪ್ಪಾಗಿಸಲು ನೋಡಿದಳು. ಚಿಕ್ಕಮಾದು ಕಪ್ಪಾಗಲಿಲ್ಲ, ಬೂದಿಯಾದ. ಹಣೆ, ಕೆನ್ನೆಮೂಳೆ, ಮೂಗಿನ ಮೇಲೆ ಬಣ್ಣವೆಂಬುದೇ ಉಳಿದಿರಲಿಲ್ಲ. ಉಜ್ಜಿ ತೆಗೆದದ್ದನ್ನು ಮತ್ತೆ ಕರೆಯಲಾಗುವುದಿಲ್ಲ. ಉಜ್ಜಿದ ಕೈ ತನ್ನದೇ ಎಂದು ಅವಳಿಗೆ ಗೊತ್ತಿತ್ತು. ಚೀಟಿ ಬರೆದವನು ಸಿದ್ದೇಶ್, ಒತ್ತಿದವಳು ತಾನು. ಆ ದಿನ ನೆನಪೂ ಇರಲಿಲ್ಲ. ದಿನಕ್ಕೆ ನಾನೂರು ಮುಖ ಹಾಯುವಲ್ಲಿ ಚಿಕ್ಕಮಾದು ಯಾವ ಲೆಕ್ಕ.

“ಬೂದಿ ಬಳ್ದಂಗದೆ,” ಅಂದರು ಮರಿತಾಯಮ್ಮ. “ಬ್ಯಾಡ.”

ಅವರ ಬಣ್ಣ ಹೇಗಿತ್ತು ಎಂದು ಶಾಲಿನಿ ಕೇಳಿದಳು. ಮರಿತಾಯಮ್ಮ ಕೋಣೆಯೆಲ್ಲ ಕಣ್ಣಾಡಿಸಿದರು. ಕ್ಯಾಮೆರಾ ಚೀಲ, ಪ್ರಿಂಟರಿನ ಮುಚ್ಚಳ, ಬಾಗಿಲು. ಉತ್ತ ಗದ್ದೆಗೆ ಮೊದಲ ನೀರು ಬಿಟ್ಟಾಗ ಮಣ್ಣು ಇರುತ್ತದಲ್ಲ ಹಾಗೆ, ಅಂದರು. ಅದೂ ಸರಿಯೆನಿಸಲಿಲ್ಲವೇನೋ. ಕಡೆಗೆ ಹಿಂದೆ ನಿಂತಿದ್ದ ಮಗಳ ಕೈ ಹಿಡಿದೆಳೆದು ಮೇಜಿನ ಮೇಲೆ ಇಟ್ಟರು.

“ಇದೇ. ಇವ್ಳು ಅವ್ರ ಬಣ್ಣನೇ ಹೊತ್ಕೊಂಡು ಹುಟ್ಟವ್ಳೆ.”

ಚಂದನ ಕೈ ಹಿಂದಕ್ಕೆ ತೆಗೆಯಲು ನೋಡಿದಳು. ಆ ಬಣ್ಣಕ್ಕೆ ಅವಳನ್ನು ಮೂರು ಮನೆಯವರು ಬೇಡವೆಂದು ಹೋಗಿದ್ದರು. ಆದರೆ ತಾಯಿ ಬಿಡಲಿಲ್ಲ.

ಶಾಲಿನಿಗೆ ದಾರಿ ಕಂಡಿತು. ಕಿಟಕಿಯ ಬೆಳಕಿನಲ್ಲಿ ಈ ಕೈಯದ್ದೊಂದು ಚಿತ್ರ ಸಿಕ್ಕರೆ, ಆ ಬಣ್ಣವನ್ನು ಎದುರಿಗಿಟ್ಟುಕೊಂಡು ಮುಖದ ಮೇಲೆ ಇಷ್ಟಿಷ್ಟೇ ಕೂರಿಸಬಹುದು. ಫೋನಿನ ಬಣ್ಣ ನಂಬುವ ಹಾಗಿಲ್ಲ; ಕೋಣೆಯಲ್ಲಿ ಇದ್ದದ್ದು ಒಂದೇ ಕ್ಯಾಮೆರಾ. ಅವಳು ಎದ್ದು ಹೋಗಿ ಸಿದ್ದೇಶನನ್ನು ಕೇಳಿದಳು, ಒಂದೇ ಒಂದು ಚಿತ್ರ ಎಂದು.

ಸಿದ್ದೇಶ್ ಕೆಟ್ಟವನಲ್ಲ. ಶಾಲಿನಿಯ ತಂಗಿಯ ಮಗುವಿನ ನಾಮಕರಣದ ಆಲ್ಬಮ್ಮನ್ನು ಬಿಟ್ಟಿ ಮಾಡಿಕೊಟ್ಟವನು. ಆದರೆ ಅವನ ಕೈ ತಾನಾಗಿ ಕ್ಯಾಮೆರಾದ ಮೇಲೆ ಹೋಗಿ ಕೂತಿತು.

“ಅಕ್ಕ, ಬೇಜಾರ್ ಮಾಡ್ಕಬ್ಯಾಡ. ಇನ್ನೂ ಬೋಣಿ ಆಗಿಲ್ಲ. ತಿಥಿ ಫೋಟೋಲಿ ಬೋಣಿ ಮಾಡ್ಲಾ? ನೀನೇ ಯೋಳು.”

ಒಬ್ಬನಾದರೂ ‘ಕೊಡು ಕಣ್ಲಾ’ ಅನ್ನಬಹುದಿತ್ತು. ಎಲ್ಲರೂ ಆ ಕಟ್ಟಳೆಯವರೇ. ಒಬ್ಬ ಲೆನ್ಸ್ ಒರೆಸಿದ, ಒಬ್ಬ ಕಾಫಿ ಲೋಟದ ತಳ ನೋಡಿದ. ಸತ್ತವನ ಮುಖವನ್ನು ಬದುಕಿದ್ದಾಗಲೇ ಅಳಿಸುವಾಗ ಯಾರಿಗೂ ಅಪಶಕುನ ಕಾಣಲಿಲ್ಲ. ಅದನ್ನು ವಾಪಸ್ಸು ತರುವಾಗ ಕಂಡಿತು.

ಶಾಲಿನಿ ವಾದ ಮಾಡಲಿಲ್ಲ. ಅವಳಿಗೆ ಸುಸ್ತಾಗಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಮದ್ದೂರಿನವರೆಗೂ ನಿಂತೇ ಬಂದಿದ್ದಳು. ಚಂದನಳಿಗೆ ಕಿಟಕಿ ಪಕ್ಕದ ಸ್ಟೂಲು ಕೊಟ್ಟು, ಕೈ ನೀಡಿಕೊಂಡು ಕೂರಲು ಹೇಳಿದಳು. ಮರಿತಾಯಮ್ಮನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ಮುಖದ ಮೇಲೆ ಬಣ್ಣ ಹಚ್ಚಿದಳು. ಬೆರಳಗಲದ ಪಟ್ಟಿ ಕಾಗದ ಹಾಕಿ ಹೊಸ ಪ್ರಿಂಟರಿನಲ್ಲಿ ಆ ಕೆನ್ನೆಯಷ್ಟನ್ನೇ ಪ್ರಿಂಟ್ ತೆಗೆದಳು. ಕಿಟಕಿಗೆ ಹೋಗಿ ಚಂದನಳ ಮುಂಗೈ ಮೇಲೆ ಪಟ್ಟಿ ಇಟ್ಟು ನೋಡಿದಳು. ಕೆಂಪು ಹೆಚ್ಚಾಗಿತ್ತು. ಎರಡನೆಯದು ಹಸಿರಿಗೆ ತಿರುಗಿತ್ತು. ಮೂರನೆಯದರಲ್ಲಿ ಬಣ್ಣ ಬಂದು ಜೀವ ಹೋಗಿತ್ತು. ನಡುವೆ ಮರಿತಾಯಮ್ಮ, ಎಡ ಹುಬ್ಬಿನ ಮೇಲೆ ಕಬ್ಬಿನ ಸೋಗೆ ಕುಯ್ದ ಗುರುತೊಂದು ಇತ್ತು, ಅದೆಲ್ಲಿ ಎಂದರು. ಅದೂ ಬೆಳಕಿನಲ್ಲಿ ಹೋಗಿತ್ತು. ಅವರು ತೋರುಬೆರಳಿಂದ ಪರದೆಯ ಮೇಲೆ ಗೆರೆ ಎಳೆದು ತೋರಿಸಿದರು, ಶಾಲಿನಿ ಹಾಗೇ ಬರೆದಳು.

ಅಷ್ಟರಲ್ಲಿ ಸಿದ್ದೇಶ್ ನಿಂಬೆಹಣ್ಣನ್ನು ಜೇಬಿಗೆ ಹಾಕಿಕೊಂಡು, ಕ್ಯಾಮೆರಾ ಹೆಗಲಿಗೇರಿಸಿ ಹೊರಟುಹೋಗಿದ್ದ. ಒಬ್ಬೊಬ್ಬರೇ ಎದ್ದರು.

ಆರನೇ ಪಟ್ಟಿ ಇಟ್ಟಾಗ ಅದರ ಅಂಚು ಕಾಣಲಿಲ್ಲ. ಕಾಗದ ಎಲ್ಲಿ ಮುಗಿಯಿತು, ಕೈ ಎಲ್ಲಿ ಶುರುವಾಯಿತು ಎಂದು ಬೆರಳಿಂದ ಮುಟ್ಟಿಯೇ ನೋಡಬೇಕಾಯಿತು.

ಪೂರ್ತಿ ಚಿತ್ರ ಪ್ರಿಂಟರಿಂದ ನಿಧಾನಕ್ಕೆ ಇಳಿಯಿತು. ಮೊದಲು ತಲೆಗೂದಲು, ಆಮೇಲೆ ಹಣೆ, ಹುಬ್ಬಿನ ಗಾಯ. ಕಣ್ಣು ಬಂದಾಗ ಮರಿತಾಯಮ್ಮ ಕೂತಲ್ಲಿಂದ ಎದ್ದು ನಿಂತು ಸೆರಗು ಸರಿಮಾಡಿಕೊಂಡರು. ಬಹಳ ಹೊತ್ತು ನೋಡಿದರು.

“ಊಂ. ಇವ್ರಿಗಿಕ್ಕಬೌದು ಎಡೆ.”

ಸ್ವಾಮಿ ಹಳೆಯ ಫ್ರೇಮಿನಲ್ಲೇ ಹೊಸದನ್ನು ಕೂರಿಸಿಕೊಟ್ಟ. ಬೆಳ್ಳನೆಯ ಮೇನೇಜರು ಮೇಜಿನ ಮೇಲೆ ಉಳಿದ. ಮರಿತಾಯಮ್ಮ ಟವೆಲ್ಲು ಸುತ್ತಿಕೊಂಡು ಮೆಟ್ಟಿಲಿಳಿದರು. ಚಂದನ ಮಾತ್ರ ಬಾಗಿಲಲ್ಲಿ ನಿಂತಳು.

“ಅಕ್ಕ, ನನ್ ಆಲ್ಬಮ್ಮಲ್ಲಿ ನಾನೂ ಅಂಗೇ ಅಲ್ವಾ?”

“ಹೂಂ ಕಣಮ್ಮ.”

“ಯಾರ್ ಮಾಡಿದ್ದು?”

“ನಾನೇ.”

ಚಂದನ ಬಯ್ಯಲಿಲ್ಲ. “ನಮ್ಮತ್ತೆ ಆ ಆಲ್ಬಂ ನೋಡ್ದಾಗ್ಲೆಲ್ಲ ಅಂತಾರೆ, ಅವತ್ತು ಎಂಗಿದ್ಲು, ಈಗ ನೋಡು ಎಂಗಾಗೋದ್ಲು ಅಂತ,” ಎಂದು ಹೇಳಿ ಇಳಿದು ಹೋದಳು.

ಸಂಜೆ ಶಾಲಿನಿ ಬೆಸಗರಹಳ್ಳಿ ಬಸ್ಸಿನಲ್ಲಿ ಕೂತಿದ್ದಾಗ ಫೋನು ಮೇಲಿಂದ ಮೇಲೆ ಸದ್ದು ಮಾಡಿತು. ಫೋಟೋಗ್ರಾಫರುಗಳ ಗುಂಪಿಗೆ ಸಿದ್ದೇಶ್ ಬೋಣಿಯ ಚಿತ್ರ ಹಾಕಿದ್ದ. ಮಳವಳ್ಳಿ ಕಡೆಯ ಗುಡಿಯೊಂದರ ಗಣಪತಿ. ಎಣ್ಣೆ ಕುಡಿದ ಕರಿಕಲ್ಲು, ದೀಪದ ಬೆಳಕು. ಕೆಳಗೆ ಹೊಗಳಿಕೆಯ ಸಾಲು. ಆ ಕಪ್ಪು ನೋಡ್ರಪ್ಪ, ಆ ಹೊಳಪು ನೋಡ್ರಪ್ಪ, ಕಪ್ಪು ಅಂದ್ರೆ ಹಿಂಗಿರಬೇಕು. ಆಮೇಲೆ ಅವಳಿಗೊಬ್ಬಳಿಗೇ ಬೇರೆಯಾಗಿ ಒಂದು ಧ್ವನಿ ಸಂದೇಶ ಬಂತು. ನಾಳೆ ಇದನ್ನು ದೊಡ್ಡ ಸೈಜಿನಲ್ಲಿ ಪ್ರಿಂಟ್ ಹಾಕು ಅಂತ.

“ಕಲರ್ ಮಾತ್ರ ಮುಟ್ಬ್ಯಾಡ ಕಣಕ್ಕ. ಎಂಗದೋ ಅಂಗೇ ಇರ್ಲಿ.”

ಅವಳು ಅದನ್ನು ಎರಡು ಸಲ ಕೇಳಿದಳು. ಫೋನು ಬ್ಯಾಗಿಗೆ ಹಾಕಿದಳು.

ಗಣಪತಿಯ ಬಣ್ಣ ಮುಟ್ಟಲಿಲ್ಲ. ಅದರ ಹಿಂದೆಯೇ ಬಂದ ಮದುವೆ ಆಲ್ಬಮ್ಮಿನ ಬಣ್ಣವನ್ನೂ ಮುಟ್ಟಲಿಲ್ಲ. ಚೀಟಿಯನ್ನು ಹರಿದು ಹಾಕಿ, ಇದ್ದ ಹಾಗೇ ಪ್ರಿಂಟ್ ಹಾಕಿ ಕಳಿಸಿದಳು. ಎರಡೇ ದಿನಕ್ಕೆ ವಾಪಸ್ಸು ಬಂತು. ಗಂಡಿನ ಮನೆಯವರಲ್ಲ, ಹುಡುಗಿಯ ತಾಯಿಯೇ ಬಂದು ಕಣ್ಣಲ್ಲಿ ನೀರು ಹಾಕಿಕೊಂಡಿದ್ದರು, ನನ್ನ ಮಗಳ ಬಾಳು ಹಾಳು ಮಾಡಬೇಡಿ ಎಂದು. ಸ್ವಾಮಿ ಬಯ್ದ. ಶಾಲಿನಿ ಕೂತು ಇಡೀ ಆಲ್ಬಮ್ಮನ್ನು ಎರಡು ಮೆಟ್ಟಿಲು ಬೆಳ್ಳಗೆ ಮಾಡಿದಳು. ಇಂಥ ಕಡೆ ಒಬ್ಬಳ ಕೈಯಿಂದ ಏನಾಗುತ್ತದೆ ಎಂದು ಕೇಳುವವರು, ಆ ತಾಯಿಯ ಮುಂದೆ ಒಂದು ಗಳಿಗೆ ನಿಂತು ನೋಡಲಿ.

ಮುಂದಿನ ಮಂಗಳವಾರ ಮೇಜಿನ ಮೇಲೆ ಹೊಸ ಸಾಮಾನು ಇಡುವ ಹೊತ್ತಿಗೆ ಶಾಲಿನಿ ತನ್ನ ಮೂಲೆಯಿಂದ ಎದ್ದು ಬಂದಳು. ಎಲ್ಲರಿಗೂ ವಡೆ ತರಿಸಿದ್ದಳು. ಸೋಪಿನ ಡಬ್ಬಿಯಷ್ಟಿದ್ದ ಕರಿ ಹಾರ್ಡ್ ಡಿಸ್ಕೊಂದನ್ನು ಕ್ಯಾಮೆರಾಗಳ ಸಾಲಿನಲ್ಲಿ ಇಟ್ಟಳು.

ಅದನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ಅದರಲ್ಲಿ ನೋಡಲು ಗಾಜಿಲ್ಲ, ತೂಕವಿಲ್ಲ. ಇದೇನಕ್ಕ ಎಂದು ಒಬ್ಬ ಕೇಳಿದ. ಇನ್ನು ಮೇಲೆ ತನ್ನ ಹತ್ತಿರ ಬರುವ ಪ್ರತಿ ಮದುವೆಯ ಫೈಲುಗಳನ್ನು ಗುಂಡಿ ಒತ್ತುವ ಮೊದಲು ಇದರಲ್ಲಿ ಹಾಗೇ ಎತ್ತಿಡುತ್ತೇನೆ, ಯಾವತ್ತಾದರೂ ಯಾರಾದರೂ ಟವೆಲ್ಲು ಸುತ್ತಿಕೊಂಡು ಬಂದರೆ ಬೇಕಾಗುತ್ತದೆ ಎಂದಳು. ಒಂದಿಬ್ಬರು ತಲೆ ಆಡಿಸಿದರು. ಸಿದ್ದೇಶ್ ತನ್ನ ಕ್ಯಾಮೆರಾದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದ. ತಲೆಯೆತ್ತದೆ ಕೇಳಿದ.

“ಬೋಣಿ ಆಯ್ತಾ ಅಕ್ಕ ಇದ್ಕೆ?”

“ಆಯ್ತು.”

“ಯಾರ್ದು?”

“ಚಿಕ್ಕಮಾದುಂದು,” ಅಂದಳು ಶಾಲಿನಿ. “ವಡೆ ತಿನ್ನು, ಆರೋಯ್ತದೆ.”