ಕೈಯಿಂದ ಕೈಗೆ ಕೊಡುವ ಹಲಗೆ

ಮೊನ್ನೆ ಕಂಪ್ಲಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ರಸ್ತೆ ಬದಿಯ ಭತ್ತದ ಹುಲ್ಲಿನ ಬಣವೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ನೆನಪಾದವರು ನಮ್ಮ ಜಪಾನಿನ ಅಜ್ಜ. ಅವರು ಕುಡಿಯುತ್ತಿದ್ದ ಹಸಿರು ಚಹಾಕ್ಕೂ ಇದೇ ವಾಸನೆ. “ದನ ತಿನ್ನೋದನ್ನ ಕಾಸಿ ಕುಡೀತೀರಲ್ರೀ ಅಜ್ಜಾರ!” ಎಂದು ನಾನು ದಿನಾ ಕಾಡುತ್ತಿದ್ದೆ.

ಹಂಪಿಯಲ್ಲಿ ನಮ್ಮದು ಮೂರು ಕೋಣೆಯ ಗೆಸ್ಟ್ ಹೌಸ್. ಮೊಣಕಾಲಿಗೆ ತಮ್ಮೂರಿನ ಚಳಿ ಆಗುವುದಿಲ್ಲವೆಂದು ಅವರು ಪ್ರತಿ ಚಳಿಗಾಲ ಬಂದು ಹಿಂದಿನ ಕೋಣೆಯಲ್ಲಿ ಎರಡು ತಿಂಗಳು ಇರುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಮ್ಮ ಮಾತು ಕಲಿತಿದ್ದರು, ಅದೂ ನನ್ನ ಬೈಗುಳ ಸಮೇತ. ಬಾಳೆ ತೋಟದ ಕಡೆ ಮುಖ ಮಾಡಿ ಕೂತು ತಮ್ಮ ಹಳ್ಳಿಯ ಸುದ್ದಿ ಹೇಳುತ್ತಿದ್ದರು. ಬೆಟ್ಟದ ಸಂದಿಯಲ್ಲಿ ಊರು, ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. ದೀಪ ಹತ್ತುವ ಮನೆ ಒಂಬತ್ತೇ. ಶಾಲೆ ಮುಚ್ಚಿಹೋಗಿ ಅದರ ಅಂಗಳದಲ್ಲಿ ಅಣಬೆ ಒಣಗಿಸುತ್ತಾರಂತೆ. ಊರಲ್ಲಿ ಕೂಸು ಅತ್ತದ್ದು ಕೇಳಿ ಎಷ್ಟು ವರ್ಷವಾಯಿತೋ ಎನ್ನುತ್ತಿದ್ದರು.

ಆ ಊರಲ್ಲೊಂದು ಪದ್ಧತಿ. ಊರ ಸುದ್ದಿಯ ಕಾಗದಗಳನ್ನು ಒಂದು ಹಲಗೆಗೆ ಸಿಕ್ಕಿಸಿ ಮನೆಯಿಂದ ಮನೆಗೆ ಕಳಿಸುತ್ತಾರೆ. ಓದಿದವರು ತಮ್ಮ ಹೆಸರಿನ ಮೊಹರು ಒತ್ತಿ ಪಕ್ಕದ ಮನೆಯವರ ಕೈಗೇ ಕೊಡಬೇಕು. ಅಜ್ಜನಿಗೆ ಅದನ್ನು ತಂದುಕೊಡುತ್ತಿದ್ದವಳು ಕೆಳಗಿನ ಮನೆಯ ಒಬ್ಬಂಟಿ ಮುದುಕಿ. ಅಜ್ಜ ಇಲ್ಲಿಗೆ ಬಂದರೆ ಆಕೆ ಹಿಮದಲ್ಲಿ ಇನ್ನೂ ಮೇಲಿನ ಮನೆಯವರೆಗೆ ಹತ್ತಬೇಕಿತ್ತು. ಅದೇ ಅವರ ಚಿಂತೆ.

ನನಗೋ ಎಲ್ಲದಕ್ಕೂ ದಾರಿ ತೋರಿಸುವ ಚಟ. “ಆಕಿಗೆ ಹಲಗಿ ತಂದ್ಕೊಡೋರಿಗೇ ಫೋನ್ ಮಾಡ್ರಿ. ಅವ್ರು ಆಕಿ ಮನಿ ಬಿಟ್ಟು ಸೀದಾ ಮ್ಯಾಲಿನ ಮನಿಗೆ ಕೊಡ್ಲಿ. ನಾಕು ಕಾಗದ ಓದ್ಲಿಲ್ಲಂದ್ರ ಯಾರಪ್ಪನ ಗಂಟು ಹೋಗ್ತೈತಿ?” ಎಂದೆ. ಅಜ್ಜ ಸ್ವಲ್ಪ ಯೋಚಿಸಿ ಹಾಗೇ ಮಾಡಿದರು. ಮುದುಕಿಗೆ ಉಪಕಾರವಾಯಿತೆಂದು ಇಬ್ಬರೂ ಖುಷಿಯಿಂದ ಮಿರ್ಚಿ ಮಂಡಕ್ಕಿ ತಿಂದೆವು.

ಮೂರು ವಾರದ ಮೇಲೆ ಅಲ್ಲಿಂದ ಫೋನ್ ಬಂತು. ಮುದುಕಿ ಅಡುಗೆಮನೆಯಲ್ಲಿ ಬಿದ್ದು ಸತ್ತುಹೋಗಿದ್ದಳು. ಬಿದ್ದು ಎಷ್ಟು ದಿನವಾಗಿತ್ತೋ… ಹಲಗೆ ಹಿಡಿದು ಯಾರೂ ಆ ಬಾಗಿಲಿಗೆ ಹೋಗಿರಲಿಲ್ಲ.

ಅಜ್ಜ ಫೋನನ್ನು ಮಗುಚಿ ಕೆಳಗಿಟ್ಟರು. ಆಮೇಲೆ, “ಅದು ಕಾಗದ ಓದಾಕಲ್ಲ ಯವ್ವಾ, ಮುಖ ನೋಡಾಕ” ಎಂದರು.

“ನಂದೇ ತಪ್ಪ್ರೀ ಅಜ್ಜಾರ, ನನ್ನ ನಾಲಿಗಿ ಸೇದಿಹೋಗ್ಲಿ” ಎಂದು ಅತ್ತುಬಿಟ್ಟೆ.

“ಅಳಬ್ಯಾಡ. ನಿಂಗ ಗೊತ್ತಿರ್ಲಿಲ್ಲ. ನಂಗ ಗೊತ್ತಿತ್ತು.”

ಒಂದು ಮಾತು ಬೈದಿದ್ದರೆ ನನಗೆಷ್ಟೋ ಹಗುರಾಗುತ್ತಿತ್ತು. ಎರಡು ದಿನದಲ್ಲಿ ಗಂಟುಮೂಟೆ ಕಟ್ಟಿದರು. ಹೊಸಪೇಟೆ ಸ್ಟೇಷನ್ನಿಗೆ ಆಟೋದಲ್ಲಿ ನಾನೇ ಜೊತೆಗೆ ಹೋದೆ.

ಆಮೇಲೆ ಅವರು ಬರಲಿಲ್ಲ. ಚಳಿಗಾಲದಲ್ಲಿ ಹಲಗೆ ಹೊರಲು ಕಾಲು ಗಟ್ಟಿ ಇರುವವರು ಬೇಕಂತೆ. ಮೊಣಕಾಲು ನೋಯುವ ಇವರೇ ಅಲ್ಲಿ ಗಟ್ಟಿ! ಹೊಸ ವರ್ಷಕ್ಕೊಮ್ಮೆ ಫೋನ್ ಮಾಡಿ, ಎಷ್ಟು ಮನೆಗಳಲ್ಲಿ ದೀಪವಿದೆ ಎಂದು ಹೇಳುತ್ತಿದ್ದರು. ಏಳು… ಐದು…

ಈ ವರ್ಷ ಫೋನ್ ಬರಲಿಲ್ಲ. ನಾನೇ ಮಾಡಿದರೆ ಬರೀ ರಿಂಗಾಗುತ್ತದೆ, ಎತ್ತುವವರಿಲ್ಲ. ಅವರ ಬಾಗಿಲಿಗೆ ಹಲಗೆ ತರುತ್ತಿದ್ದವಳು ಆ ಮುದುಕಿಯೇ ಅಲ್ಲವೇ? ಆಕೆ ಹೋದ ಮೇಲೆ ಯಾರು ತರುತ್ತಾರೆಂದು ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ.