ಬಣ್ಣದವ್ವನ ಕಾಡುಮಣ್ಣು

ಪಕ್ಕದ ಖಾಲಿ ಜಾಗದಲ್ಲಿ ಯಾರೋ ಹೊಸಬರು ಮನೆ ಕಟ್ಟುತ್ತಿದ್ದಾರೆ. ಮೊನ್ನೆ ಬೆಳಿಗ್ಗೆ ಅವರ ಆಳುಗಳು ಪಾಯ ತೋಡುತ್ತಿದ್ದರು, ನಾನು ಜಗುಲಿಯ ಮೇಲೆ ಕೂತು ನವಣೆಯಲ್ಲಿ ಕಲ್ಲು ಆರಿಸುತ್ತಿದ್ದೆ. ಇದ್ದಕ್ಕಿದ್ದಂತೆ ಒಂದು ವಾಸನೆ ಬಂತು. ತೇವದ ವಾಸನೆ, ಕೊಳೆತ ಎಲೆಯ ವಾಸನೆ, ಅದರೊಳಗೆ ಎಲ್ಲೋ ಒಂದಿಷ್ಟು ಹುಳಿ. ಮೊಳಕಾಲ್ಮೂರಿನ ನೆಲ ತೋಡಿದರೆ ಇಂಥ ವಾಸನೆ ಬರಬಾರದು. ಇಲ್ಲಿ ಒಂದು ಮೊಳ ಕೆಂಪು ಮಣ್ಣು, ಅದರ ಕೆಳಗೆ ಸುಣ್ಣದ ಹರಳು, ಅದರ ಕೆಳಗೆ ಗುದ್ದಲಿಯ ಬಾಯಿ ಮುರಿಯುವ ಕಲ್ಲು. ತೋಡಿದವರ ಮೂಗಿಗೆ ಧೂಳು ಬಿಟ್ಟರೆ ಬೇರೇನೂ ಸಿಗುವುದಿಲ್ಲ.

"ಅಜ್ಜೀ, ಇಲ್ಲಿ ಏನು ಹೂತಿದ್ರಿ? ಸುತ್ತ ಎಲ್ಲಾ ಸುಣ್ಣದ ನೆಲ, ಇದೊಂದು ಕಡೆ ಮಾತ್ರ ಆಳುದ್ದ ಕರೀ ಮಣ್ಣು ಐತೆ" ಎಂದು ಗುದ್ದಲಿ ಹಿಡಿದವನು ಕೇಳಿದ.

"ಒಬ್ಬರ ತವರು ಕಣಪ್ಪ" ಎಂದೆ.

ಅವನು ಜೊತೆಯವನ ಮುಖ ನೋಡಿದ. ಮುದುಕಿಗೆ ಅರಳುಮರಳು ಎಂದುಕೊಂಡಿರಬೇಕು. ಅಂದುಕೊಳ್ಳಲಿ ಬಿಡಿ, ನನಗೇನು.

ಆ ಜಾಗದಲ್ಲಿ ಒಂದು ಕಾಲಕ್ಕೆ ಬಣ್ಣದ ಮನೆ ಇತ್ತು. ನಮ್ಮ ಬೀದಿಯ ಮಗ್ಗಗಳಿಗೆಲ್ಲ ರೇಷ್ಮೆ ನೂಲಿಗೆ ಬಣ್ಣ ಹಾಕಿ ಕೊಡುತ್ತಿದ್ದವರು ಅಲ್ಲಿದ್ದ ಗಂಡಹೆಂಡಿರು. ಆಕೆಯನ್ನು ಊರೆಲ್ಲ ಬಣ್ಣದವ್ವ ಎನ್ನುತ್ತಿತ್ತು. ನಾನು ಸೊಸೆಯಾಗಿ ಈ ಮನೆಗೆ ಬಂದಾಗ ನನಗೆ ಹದಿನೈದು, ಆಕೆಗೆ ನಲವತ್ತರ ಮೇಲೆ. ಪ್ಲೇಗು ಎಂಬ ಸುದ್ದಿ ಬಂದರೆ ಸಾಕು, ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲ ಅದು.

ನಮ್ಮ ಮನೆಗಳಲ್ಲಿ ಮಾತು ತೆಲುಗು. ಬಣ್ಣದವ್ವನಿಗೆ ಮಾತ್ರ ತೆಲುಗು ನಾಲಿಗೆಗೆ ಹತ್ತಿರಲಿಲ್ಲ. ಆಕೆ ಹುಟ್ಟುವ ಮೊದಲೇ ಆಕೆಯ ಅಪ್ಪ ಇಲ್ಲಿಂದ ಮಗ್ಗ ಬಿಚ್ಚಿ ಬಂಡಿಗೆ ಹೇರಿಕೊಂಡು ಶಿವಮೊಗ್ಗೆಯ ಆಚೆ, ಕಾಡಂಚಿನ ಒಂದು ಹಳ್ಳಿಗೆ ಹೋಗಿ ನೆಲೆಸಿದವರು. ಬಣ್ಣದವ್ವ ಹುಟ್ಟಿ ಬೆಳೆದದ್ದು ಅಲ್ಲೇ. ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತೈದು ವರ್ಷವಾದರೂ ನಮ್ಮತ್ತೆ ಆಕೆಯನ್ನು 'ಕಾಡಿನೋಳು' ಎಂದೇ ಕರೆಯುತ್ತಿದ್ದರು. ಬಣ್ಣದವ್ವನಿಗೆ ಅದರಿಂದ ಬೇಸರವೇನೂ ಇರಲಿಲ್ಲ, ಒಳಗೊಳಗೆ ಹೆಮ್ಮೆಯೇ ಇತ್ತು ಎಂದು ಈಗ ಅನ್ನಿಸುತ್ತದೆ.

ನಾನು ಬರುವುದಕ್ಕೆ ಎರಡು ವರ್ಷ ಮೊದಲು ಆ ತವರಿನಲ್ಲಿ ಅಪ್ಪ, ಅವ್ವ, ಅಣ್ಣ ಮೂವರೂ ಒಂದೇ ತಿಂಗಳಲ್ಲಿ ಪ್ಲೇಗಿಗೆ ಹೋಗಿಬಿಟ್ಟಿದ್ದರು. ಮನೆ ಸೂರು ಕುಸಿದಿತ್ತಂತೆ. ಆಕೆ ಕೊನೆಯ ಸಲ ಹೋಗಿ ಹಿತ್ತಿಲ ಸಂಪಿಗೆ ಮರದ ಕೆಳಗೆ ತಾನಾಗಿ ಹುಟ್ಟಿದ್ದ ಒಂದು ಗೇಣು ಸಸಿಯನ್ನು ಮಣ್ಣುಸಮೇತ ಕಿತ್ತು, ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದರು. ತವರು ಅಂತ ಆಕೆಗೆ ಉಳಿದದ್ದು ಅದೊಂದೇ.

ಆದರೆ ಸಂಪಿಗೆಗೆ ನಮ್ಮ ನೆಲ ಆಗುವುದಿಲ್ಲ. ಅದಕ್ಕೆ ಬೇಕಾದದ್ದು ಹುಳಿ ಮಣ್ಣು. ಅದಕ್ಕೇ ಆಕೆ ಆಳುದ್ದ ಗುಂಡಿ ತೋಡಿಸಿ, ಕಾಡಿನ ಮಣ್ಣು ತರಿಸಿ ತುಂಬಿ, ಅದರಲ್ಲಿ ಸಸಿ ನೆಟ್ಟಿದ್ದರು. ಇದನ್ನು ಬಣ್ಣದವ್ವ ನನಗೆ ಮೊದಲ ವಾರವೇ ತೋರಿಸಿಕೊಟ್ಟರು. ಅಂಗಳದ ಒಂದು ಹಿಡಿ ಮಣ್ಣು ಒಂದು ಕಡೆ, ಸಂಪಿಗೆ ಗುಂಡಿಯ ಒಂದು ಹಿಡಿ ಮಣ್ಣು ಇನ್ನೊಂದು ಕಡೆ ಇಟ್ಟು, ಎರಡರ ಮೇಲೂ ಗಟ್ಟಿ ಹುಣಸೆ ರಸ ಹಿಂಡಿದರು. ನಮ್ಮೂರಿನ ಮಣ್ಣು ಚುರ್ ಎಂದು ನೊರೆ ಉಕ್ಕಿಸಿತು. ಕಾಡಿನ ಮಣ್ಣು ರಸ ಕುಡಿದು ಸುಮ್ಮನಿತ್ತು.

"ನೋಡು, ಇದು ನೀನು" ಎಂದು ನೊರೆಯ ಕಡೆ ಕೈ ಮಾಡಿದರು. "ಒಂದು ತೊಟ್ಟು ಹುಳಿ ಬಿದ್ರೆ ಸಾಕು, ಉಕ್ಕಿ ಬರ್ತೀಯ. ಇದು ನಾನು. ಎಷ್ಟು ಹಿಂಡಿದ್ರೂ ಇಷ್ಟೇ."

ಬಂದ ವಾರದಲ್ಲೇ ನಾನು ನಮ್ಮತ್ತೆಯ ಒಂದು ಮಾತಿಗೆ ಮೂರು ಮಾತು ತಿರುಗಿಸಿದ್ದು ಗೋಡೆಯಾಚೆ ಕೇಳಿಸಿತ್ತಲ್ಲ, ಅದಕ್ಕೆ ಈ ಚುಚ್ಚು. ನಾನೇನು ಬಿಡುವವಳೇ?

"ನಮ್ಮೂರಿನ ಸುಣ್ಣ ಯಾರನ್ನೂ ಬಿಡಲ್ಲ ಬಣ್ಣದವ್ವ. ಒಂದಿನ ನಿಮ್ಮ ಮಣ್ಣೂ ಉಕ್ಕುತ್ತೆ, ನೋಡ್ತಿರಿ" ಎಂದೆ.

"ಪಂದ್ಯ ಕಟ್ತೀಯಾ?"

"ಕಟ್ತೀನಿ."

ಸೋತವರು ಗೆದ್ದವರ ತಲೆ ಬಾಚಿ ಸಂಪಿಗೆ ಮುಡಿಸಬೇಕು ಎಂದು ಮಾತಾಯಿತು. ಆಗಿನ್ನೂ ಗಿಡ ನನ್ನ ಮೊಣಕಾಲಿಗೂ ಬಂದಿರಲಿಲ್ಲ.

ಆ ಮಣ್ಣು ಬರುತ್ತಿದ್ದ ದಾರಿಯೂ ಒಂದು ಕತೆ. ಚಳ್ಳಕೆರೆಯ ಕಂಬಳಿ ವ್ಯಾಪಾರಿಗಳು ಪ್ರತಿ ಬೇಸಿಗೆ, ಮಳೆ ಹಿಡಿಯುವ ಮೊದಲು, ಬಂಡಿಗಳಲ್ಲಿ ಕಂಬಳಿ ಹೇರಿಕೊಂಡು ಮಲೆನಾಡಿಗೆ ಹೋಗುತ್ತಿದ್ದರು. ಬರುವಾಗ ಬಂಡಿ ಹಗುರ. ಅವರಲ್ಲಿ ಒಬ್ಬರಿಗೆ ಬಣ್ಣದವ್ವ ಗೋಣಿಚೀಲ ಕೊಟ್ಟು, ಕಾಡಿನ ಮಣ್ಣು ತುಂಬಿಸಿ ತರಿಸುತ್ತಿದ್ದರು. ಚಳ್ಳಕೆರೆ ಸಂತೆಯಲ್ಲಿ ಜನ ಬಂಡಿ ಸುತ್ತ ನಿಂತು ನಗುತ್ತಿದ್ದರಂತೆ, ಭೂಮಿ ಮೇಲೆ ಇಲ್ಲದ ಮಣ್ಣು ತಂದನಲ್ಲಪ್ಪ ಇವನು ಎಂದು. ಅವರು ಪಾಪ ಎರಡು ಚೀಲವನ್ನು ಬೇರೆಬೇರೆ ಕಟ್ಟಿ ತರುತ್ತಿದ್ದರು, ಕಾಡಿನ ನೆಲದ ಮೇಲ್ಪದರದ್ದು ಒಂದು, ಕೆಳಪದರದ್ದು ಒಂದು. ಬೆರೆಸಿದರೆ ಬಣ್ಣದವ್ವ ಬಂಡಿಯನ್ನೇ ವಾಪಸು ಕಳಿಸುವವರು.

ಹೀಗೆ ಗಿಡ ಸೊಂಟದೆತ್ತರಕ್ಕೆ ಬಂತು. ನಾನು ಬಂದ ಮೂರನೆಯ ಬೇಸಿಗೆ. ಗಂಡಹೆಂಡಿರು ಬಣ್ಣದ ಸಾಮಾನು ತರಲು, ಕಂಬಳಿಯವರಿಗೆ ಮಣ್ಣಿನ ಚೀಲ ಕೊಟ್ಟು ಬರಲು ಚಳ್ಳಕೆರೆಗೆ ಹೊರಟರು. ಹೋಗಿಬರಲು ಐದಾರು ದಿನ. ಅವರ ಅಂಗಳದಲ್ಲಿ ಸಾಲಾಗಿ ಮೂರು ಹಂಡೆ ಇರುತ್ತಿದ್ದವು. ಮೊದಲನೆಯದರಲ್ಲಿ ಬಟ್ಟೆ ಒಗೆಯಲು ಬಳಸುವ ಸವಳು ಮಣ್ಣು ಕದಡಿ ತಿಳಿ ತೆಗೆದ ನೀರು. ಹಸಿ ರೇಷ್ಮೆಯನ್ನು ಅದರಲ್ಲಿ ಕುದಿಸಿದರೆ ಅಂಟು ಬಿಡುತ್ತದೆ. ಎರಡನೆಯದರಲ್ಲಿ ಬಣ್ಣ. ಮೂರನೆಯದರಲ್ಲಿ ಹುಣಸೆ ನೀರು. ಬಣ್ಣ ಹಾಕಿದ ನೂಲನ್ನು ಕೊನೆಗೆ ಅದರಲ್ಲಿ ಅದ್ದಿದರೆ ಹೊಳಪು ಬರುತ್ತದೆ, ಹಿಂಡಿದರೆ ಕಿರ್ ಎನ್ನುತ್ತದೆ.

"ಗೋಡೆ ಪಕ್ಕದ ಹಂಡೆ ಹುಳಿನೀರು, ದಿನಾ ಸಂಜೆ ಒಂದು ಬಿಂದಿಗೆ. ಬೇರೆ ಏನೂ ಹಾಕ್ಬೇಡ, ತಿಳೀತಾ?" ಎಂದು ಬಣ್ಣದವ್ವ ಬಂಡಿ ಹತ್ತಿದರು.

ತಿಳಿಯಿತು. ಆದರೆ ನನಗೆ ನನ್ನದೇ ಬುದ್ಧಿ ಇತ್ತಲ್ಲ! ಗಿಡದ ಎಲೆ ಅಲ್ಲಲ್ಲಿ ಹಳದಿಯಾಗಿತ್ತು, ನರ ಮಾತ್ರ ಹಸಿರು. ಹುಳಿ ಕುಡಿಸಿ ಕುಡಿಸಿ ಪಾಪ ಗಿಡದ ಹೊಟ್ಟೆ ಸುಟ್ಟಿದೆ ಎಂದು ನಾನು ತೀರ್ಮಾನ ಮಾಡಿದೆ. ನಾವು ನೇಯುವವರು, ನೂಲು ಬಡವಾದರೆ ಗಂಜಿ ಹಾಕುತ್ತೇವೆ, ಬಲ ಬರುತ್ತದೆ. ಮೊದಲ ಹಂಡೆಯಲ್ಲಿ ರೇಷ್ಮೆಯ ಅಂಟೆಲ್ಲ ಇಳಿದು ನೀರು ಗಂಜಿಯ ಹಾಗೇ ಮಂದವಾಗಿತ್ತು, ಕೈಗೆ ನುಣ್ಣಗೆ ಹತ್ತುತ್ತಿತ್ತು. ರೇಷ್ಮೆಯ ಗಂಜಿ ಎಂದರೆ ಗಿಡಕ್ಕೆ ಅಮೃತವಲ್ಲವೇ? ದಿನಕ್ಕೆ ಒಂದಲ್ಲ, ಎರಡು ಬಿಂದಿಗೆ ಹಾಕಿದೆ. ಬಣ್ಣದವ್ವ ಬಂದು, ಹಸಿರಾದ ಗಿಡ ನೋಡಿ, ನನ್ನ ಗಲ್ಲ ಹಿಡಿಯುತ್ತಾರೆ ಎಂದು ಮನಸ್ಸಿನಲ್ಲೇ ಬೀಗಿದೆ.

ನಾಲ್ಕನೆಯ ದಿನಕ್ಕೆ ಎಲೆಗಳು ಜೋತುಬಿದ್ದವು. ಐದನೆಯ ದಿನಕ್ಕೆ ಅಂಚು ಸುಟ್ಟವು. ಅವರ ಬಂಡಿ ಬೀದಿಗೆ ತಿರುಗಿದಾಗ ನಾನು ಅಡುಗೆಮನೆಯಲ್ಲಿ ಅವಿತುಕೊಂಡೆ.

ಆಕೆ ಕೂಗಾಡಲಿಲ್ಲ. ಗೋಡೆಯಂಚಿನಿಂದ ನೋಡಿದೆ. ಒಳಗೆ ಹೋಗಿ ಅರಿಶಿಣದಲ್ಲಿ ಅದ್ದಿದ ಒಂದು ಎಳೆ ನೂಲು ತಂದರು, ಗುಂಡಿಯ ಒದ್ದೆ ಮಣ್ಣಿನಲ್ಲಿ ಒತ್ತಿ ತೆಗೆದರು. ಹಳದಿ ನೂಲು ಕೆಂಪಾಗಿತ್ತು. ಅರಿಶಿಣಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದು ಆರತಿ ನೀರು ಕಲಸುವ ಯಾವ ಹೆಂಗಸಿಗೂ ಗೊತ್ತು, ಸವಳಿಗೂ ಹಾಗೇ. ಆಕೆ ನೂಲನ್ನು ಬೆರಳಿಗೆ ಸುತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಆ ಕೂತ ರೀತಿ... ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮೂರು ಸಾವನ್ನು ಒಬ್ಬರೇ ನುಂಗಿಕೊಂಡು ಬಂದವರ ಕೈಯಲ್ಲಿ ಉಳಿದಿದ್ದ ಒಂದೇ ಒಂದನ್ನು ನಾನು ಕೊಂದಿದ್ದೆ.

ಹೋಗಿ ಎದುರು ನಿಂತು ಎಲ್ಲ ಹೇಳಿದೆ. ಗಂಜಿಯ ವಿಚಾರವನ್ನೂ ಹೇಳಿದೆ. ಅಳು ಬಂತು, ಅತ್ತುಬಿಟ್ಟೆ.

ಬಣ್ಣದವ್ವ ಬೆರಳಿಗೆ ಸುತ್ತಿದ್ದ ನೂಲು ಬಿಚ್ಚಿದರು. ಆಮೇಲೆ, "ಒಟ್ಟು ಎಷ್ಟು ಬಿಂದಿಗೆ?" ಎಂದರು.

"ಎಂಟೋ ಒಂಬತ್ತೋ."

"ಹಂಗಾದ್ರೆ ಪೂರ್ತಿ ಇಳಿದಿರಲ್ಲ. ಗುದ್ದಲಿ ತಗೊಂಬಾ."

ಅವತ್ತು ನಾವಿಬ್ಬರೂ ಆ ಗುಂಡಿಯನ್ನು ಬಿಚ್ಚಿದೆವು. ನನ್ನ ಜೀವಮಾನದಲ್ಲಿ ಮಣ್ಣನ್ನು ಹಾಗೆ ನೋಡಿದ್ದು ಅದೇ ಮೊದಲು. ಕಾಡಿನಲ್ಲಿ ನೆಲ ಹೇಗಿರುತ್ತದೋ ಆಕೆ ಅದೇ ಕ್ರಮದಲ್ಲಿ ಗುಂಡಿ ತುಂಬಿದ್ದರು. ಎಲ್ಲಕ್ಕಿಂತ ಮೇಲೆ ಒಣ ಎಲೆ. ಅದರ ಕೆಳಗೆ ಅರ್ಧ ಕೊಳೆತ ಎಲೆ, ನಡುವೆ ಬಿಳಿಯ ಎಳೆಗಳು ಹಬ್ಬಿದ್ದವು, ನಮ್ಮ ರೇಷ್ಮೆಗಿಂತ ಸಣ್ಣವು. ಅದರ ಕೆಳಗೆ ಎಲೆಯೋ ಮಣ್ಣೋ ಹೇಳಲಾಗದ ಕಪ್ಪು ಪುಡಿ. ಆಮೇಲೆ ಕಂದು ಮಣ್ಣು.

"ಹಿಡಿ ಕಟ್ಟಿ ನೋಡು" ಎಂದರು. ಕಟ್ಟಿದೆ, ಉಂಡೆಯಾಯಿತು. "ಈಗ ಬೆರಳಲ್ಲಿ ತಟ್ಟು." ತಟ್ಟಿದೆ, ಉದುರಿತು. "ಬರೀ ಮರಳಾದ್ರೆ ಉಂಡೆ ಆಗಲ್ಲ, ಬರೀ ಜೇಡಿಯಾದ್ರೆ ಉದುರಲ್ಲ. ಇದ್ರಲ್ಲಿ ಎರಡೂ ಹದವಾಗಿ ಐತೆ. ನೀರು ಹಿಡ್ಕಂತದೆ, ಬೇರು ಕೊಳೆಯೋಕೆ ಬಿಡಲ್ಲ."

ಕಂದಿನ ಕೆಳಗೆ ಕೆಂಪು ಕಲೆತ ಹಳದಿ ಜೇಡಿ. ಕೊಟ್ಟ ಕೊನೆಗೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಕೊಳೆತ ಕಲ್ಲು. ಪ್ರತಿಯೊಂದು ಪದರದಲ್ಲೂ ಹೊಸ ಅರಿಶಿಣದ ನೂಲು ಒತ್ತಿದೆವು. ಕಪ್ಪಿನಲ್ಲಿ ನೂಲು ಕೆಂಪು. ಕಂದಿನ ಮೇಲ್ಭಾಗದಲ್ಲಿ ಕಿತ್ತಳೆ. ಕಂದಿನ ಅಡಿಗೆ ಹೋದಾಗ ನಾನು ಕಣ್ಣು ಮುಚ್ಚಿಕೊಂಡೇ ನೂಲು ಎತ್ತಿದೆ.

"ತೆಗಿ ಕಣ್ಣು, ಪೆದ್ದಿ" ಎಂದರು ಬಣ್ಣದವ್ವ. ನೂಲು ಹಳದಿಯಾಗೇ ಇತ್ತು. ತಾಯಿಬೇರಿನ ತುದಿ ಅಲ್ಲಿ ತಣ್ಣಗೆ, ಬೆಳ್ಳಗೆ ಮಲಗಿತ್ತು.

ಮೇಲಿನ ಕೆಟ್ಟ ಮಣ್ಣನ್ನೆಲ್ಲ ಎತ್ತಿ ಹಾಕಿ, ಬೇರನ್ನು ಹುಳಿನೀರಿನಲ್ಲಿ ತೊಳೆದೆವು. ಆದರೆ ಹೊಸ ಮಣ್ಣು ಬರಲು ಎರಡು ತಿಂಗಳಿತ್ತು, ನಡುವೆ ಇಡೀ ಬೇಸಿಗೆ. ಆ ಬಿಸಿಲಿನಲ್ಲಿ ಬೇರು ಬಯಲಾದ ಗಿಡ ನಾಲ್ಕು ದಿನ ನಿಲ್ಲುವುದಿಲ್ಲ. ತಂಪು ಎಲ್ಲಿದೆ ಎಂದು ಯೋಚಿಸುತ್ತಿದ್ದಾಗ ನನಗೆ ಹೊಳೆಯಿತು. ನಮ್ಮ ಮನೆಯಲ್ಲಿ ಒಂದು ಮಗ್ಗ ಖಾಲಿ ಇತ್ತು. ನೇಯುವವರು ಕಾಲಿಳಿಬಿಟ್ಟು ಕೂರುವ ಮಗ್ಗದ ಕುಣಿಯಲ್ಲಿ ಬೇಸಿಗೆಯಲ್ಲೂ ಥಂಡಿ ಇರುತ್ತದೆ. ನೂಲು ಹರಿಯದಿರಲಿ ಎಂದು ಅದರಲ್ಲಿ ನಾವೇ ನೀರು ಚಿಮುಕಿಸುತ್ತೇವೆ. ಉಳಿದ ಒಳ್ಳೆಯ ಮಣ್ಣಿನೊಂದಿಗೆ ಗಿಡವನ್ನು ದೊಡ್ಡ ಮಡಕೆಗೆ ಹಾಕಿ ಆ ಕುಣಿಯಲ್ಲಿ ಇಳಿಸಬಹುದಿತ್ತು. ನಮ್ಮತ್ತೆ ಒಪ್ಪಬೇಕಿತ್ತು ಅಷ್ಟೇ.

ನಮ್ಮತ್ತೆ ಮಡಕೆಯನ್ನೂ ಕುಣಿಯನ್ನೂ ನನ್ನನ್ನೂ ನೋಡಿದರು. "ನೇಯೋಕೆ ಬರದ ಸೊಸೆ ಸಿಕ್ಕಳು. ಈ ಗಿಡಾನಾದ್ರೂ ಕೂತು ನೇಯುತ್ತೇನೋ ನೋಡಾನ, ಇಡ್ರಿ" ಎಂದರು. ಅವರು ಒಪ್ಪುವ ರೀತಿಯೇ ಅದು. ಮಧ್ಯಾಹ್ನ ಅವರೇ ಕುಣಿಯ ಪಕ್ಕ ಒದ್ದೆ ಬಟ್ಟೆ ಹರವಿದ್ದನ್ನು ನಾನು ಕಂಡೂ ಕಾಣದ ಹಾಗೆ ಇದ್ದೆ. ಎರಡು ತಿಂಗಳು ಪಕ್ಕದ ಮಗ್ಗದಲ್ಲಿ ಕೂತು ನಾನು ನೇಯ್ದೆ. ಬಣ್ಣದವ್ವ ದಿನಾ ಬೆಳಿಗ್ಗೆ ಬಂದು ಕುಣಿಯಂಚಿನಲ್ಲಿ ಕೂತು, ತನ್ನ ಊರಿನ ಕತೆ ಹೇಳುತ್ತಾ ನನ್ನ ನೂಲು ಬಿಡಿಸಿಕೊಡುತ್ತಿದ್ದರು. ಎಲೆಗಳೆಲ್ಲ ಉದುರಿ ಕೋಲು ಮಾತ್ರ ಉಳಿದಿತ್ತು. ಒಂದು ದಿನ ಕೋಲಿನ ತುದಿಯಲ್ಲಿ ಗೋಧಿ ಕಾಳಿನಷ್ಟು ಹಸಿರು ಕಂಡಿತು. ನಾವು ಮೂವರೂ ಹೆಂಗಸರು ಕುಣಿಗೆ ಬಗ್ಗಿ ಅದನ್ನೇ ನೋಡಿದೆವು.

ಮಳೆ ಶುರುವಾದಾಗ ಕಂಬಳಿ ಬಂಡಿ ಬಂತು. ಗುಂಡಿ ತುಂಬುವಾಗ ಬಣ್ಣದವ್ವ ದೂರ ಕೂತರು, ಕೈ ಹಚ್ಚಲಿಲ್ಲ. ಜೇಡಿ, ಕಂದು, ಕಪ್ಪು, ಎಲೆ, ಎಲ್ಲ ನಾನೇ ಹಾಕಬೇಕು, ತಪ್ಪಿದರೆ ಪೂರ್ತಿ ತೆಗೆದು ಮತ್ತೆ ಹಾಕಬೇಕು. ಎರಡು ಸಲ ತೆಗೆಸಿದರು. ಮೂರನೆಯ ಸಲ, "ಹ್ಞೂಂ, ಈಗ ನಮ್ಮ ಹಿತ್ತಿಲು ಆಯ್ತು" ಎಂದರು. ಅಂದಿನಿಂದ ಹುಳಿನೀರಿನ ಬಿಂದಿಗೆ ನನ್ನ ಪಾಲಿಗೆ ಬಂತು.

ಐದು ವರ್ಷಕ್ಕೆ ಹೂ ಬಿಟ್ಟಿತು. ಕಾಡಿನಲ್ಲಿ ಸಂಪಿಗೆ ಆಕಾಶಕ್ಕೆ ಹೋಗುತ್ತದಂತೆ, ನಮ್ಮದು ಮನೆ ಮಾಳಿಗೆ ದಾಟಲಿಲ್ಲ. ಆದರೇನು, ಬೀದಿಗೆಲ್ಲ ಘಮ. ಅದರ ಬಣ್ಣ ನೋಡಿ ಬಣ್ಣದವ್ವ ಒಂದು ನೂಲಿಗೆ ಅದೇ ಬಣ್ಣ ಹಾಕಿದರು, ನಾನು ಅದರಲ್ಲಿ ನಮ್ಮತ್ತೆಗೆ ಸೀರೆ ನೇಯ್ದೆ. ನಮ್ಮತ್ತೆ ಅದನ್ನುಟ್ಟು, "ಕಾಡಿನೋಳ ಬಣ್ಣ ಪರವಾಗಿಲ್ಲ" ಎಂದರು.

ಪ್ರತಿ ವರ್ಷ ಒಂದು ಸಲ ಪಂದ್ಯದ ಪರೀಕ್ಷೆ ನಡೆಯುತ್ತಿತ್ತು. ಮಣ್ಣಿನ ಮೇಲೆ ಹುಣಸೆ ರಸ ಹಿಂಡುವುದು, ಇಬ್ಬರೂ ಬಗ್ಗಿ ನೋಡುವುದು. ಮಣ್ಣು ಸುಮ್ಮನಿರುತ್ತಿತ್ತು. "ಸೋತೆ, ಬಾ, ಬಾಚಣಿಗೆ ತಾ" ಎಂದು ಆಕೆ ನನ್ನ ಮುಂದೆ ಬೆನ್ನು ತಿರುಗಿಸಿ ಕೂರುತ್ತಿದ್ದರು. ಇಪ್ಪತ್ತು ವರ್ಷ ಆಕೆಯ ತಲೆ ಬಾಚಿದೆ. ಕಪ್ಪು ಕೂದಲು ನನ್ನ ಕೈಯಲ್ಲೇ ಬೆಳ್ಳಗಾಯಿತು.

ಆಮೇಲೆ ಒಂದು ಮಾಗಿಯಲ್ಲಿ ಆಕೆ ನಾಲ್ಕು ದಿನ ಜ್ವರದಲ್ಲಿ ಮಲಗಿ ಹೊರಟೇಹೋದರು. ಗಂಡ ಧರ್ಮಾವರಕ್ಕೆ ಕೊಟ್ಟಿದ್ದ ಮಗಳ ಮನೆ ಸೇರಿದರು. ಬಸ್ಸು ಬಂದ ಮೇಲೆ ಕಂಬಳಿ ಬಂಡಿಗಳು ನಿಂತವು, ಬಣ್ಣ ಪುಡಿಯ ಪೊಟ್ಟಣಗಳು ಬಂದವು. ನಾನು ಮನೆಯ ಹುಣಸೆ ನೀರನ್ನೇ ಹಾಕಿ ಹಾಕಿ ಮರವನ್ನು ಹತ್ತು ವರ್ಷ ಉಳಿಸಿದೆ, ಆಮೇಲೆ ಆಗಲಿಲ್ಲ. ಮನೆ ಬಿತ್ತು, ಮರವನ್ನು ಯಾರೋ ಕಡಿದರು, ಜಾಗ ಬಯಲಾಯಿತು...

ಮೊನ್ನೆ ಆ ಗುದ್ದಲಿಯವನನ್ನು ಕೇಳಿ ಒಂದು ಹಿಡಿ ಕಪ್ಪು ಮಣ್ಣು ತರಿಸಿಕೊಂಡೆ. ಹಿಡಿ ಕಟ್ಟಿದೆ, ಉಂಡೆಯಾಯಿತು. ತಟ್ಟಿದೆ, ಉದುರಿತು. ಸೊಸೆಗೆ ಹೇಳಿ ಹುಣಸೆ ಕಿವುಚಿಸಿ ಜಗುಲಿಯ ಮೇಲೇ ರಸ ಹಿಂಡಿದೆ. ಕಣ್ಣು ಮಂದವಲ್ಲವೇ, ಬಗ್ಗಿ ಕಿವಿ ಇಟ್ಟೆ. ಮೊದಲು ಏನೂ ಇಲ್ಲ. ಆಮೇಲೆ ಬಹಳ ಮೆಲ್ಲಗೆ, ಚುರ್ ಎಂದಿತು. ಬೆರಳಿಟ್ಟರೆ ಸಣ್ಣ ನೊರೆ.

ಇಷ್ಟು ವರ್ಷಕ್ಕೆ ನಮ್ಮೂರಿನ ಸುಣ್ಣ ಅದರೊಳಗೂ ಹೋಗಿ ಸೇರಿಕೊಂಡಿತ್ತು. ಪಂದ್ಯ ನಾನು ಗೆದ್ದೆ ಬಣ್ಣದವ್ವ. ಒಳಗೆ ಹೋಗಿ ಬಾಚಣಿಗೆ ತಂದು ತೊಡೆಯ ಮೇಲೆ ಇಟ್ಟುಕೊಂಡು, ತುರುಬು ಬಿಚ್ಚಿ, ಸಂಜೆಯವರೆಗೂ ಅಲ್ಲೇ ಕೂತಿದ್ದೆ.