ಕೆಂಪು ರಿಬ್ಬನ್ ಬಿಚ್ಚಿದವರು

ಓಟದ ಸಮಾರೋಪದ ಧನ್ಯವಾದ ಭಾಷಣ ಸಂಜೆ ನಮಗೆ ಕಾಡಿನೊಳಗೆ ಕೇಳಿಸಿತು. ಕಕ್ಕಿಂಜೆಯ ಕಡೆಯ ಮೈಕು ಗುಡ್ಡಕ್ಕೆ ಬಡಿದು ಮಾತು ಎರಡೆರಡು ಸಲ ಬರುತ್ತಿತ್ತು. ಅತಿಥಿಗಳಿಗೆ, ದಾನಿಗಳಿಗೆ, ಮಾಧ್ಯಮದವರಿಗೆ ವಂದನೆ ಸಲ್ಲಿಸಿದ ಮೇಲೆ, ಓಟಗಾರರೆಲ್ಲ ಸುರಕ್ಷಿತವಾಗಿ ಮರಳಿದ್ದಾರೆ ಎಂದು ಆ ಧ್ವನಿ ಘೋಷಿಸಿತು.

ನಾನೂ ನನ್ನ ಭಾವನೂ ಮರಳಿರಲಿಲ್ಲ. ಭಾವ, ಅಂದರೆ ಹೆಂಡತಿಯ ಅಣ್ಣ, ಬಂಡೆಗೆ ಒರಗಿ ಕೂತು ಊದಿದ ಪಾದವನ್ನು ಹಿಡಿದುಕೊಂಡಿದ್ದರು.

"ಮಾಧ್ಯಮದವರಿಗೆ ವಂದನೆ ಬಂತು ಭಾವ, ತೆಗೆದುಕೊಳ್ಳಿ," ಎಂದರು. ಅವರೂ ನನ್ನನ್ನು ಭಾವ ಎಂದೇ ಕರೆಯುವುದು.

ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡುವವನು. ವೈದ್ಯರು ಹೇಳಿದ್ದರಿಂದ ಬಂಟ್ವಾಳದಲ್ಲಿ ಬೆಳಿಗ್ಗೆ ಓಡಲು ಶುರು ಮಾಡಿದ್ದೆ. ಉಜಿರೆಯಲ್ಲಿ ಹೋಟೆಲ್ ನಡೆಸುವ ಭಾವ ನನಗಿಂತ ಮೊದಲೇ ಈ ಹುಚ್ಚು ಹತ್ತಿಸಿಕೊಂಡವರು. ಚಾರ್ಮಾಡಿಯ ತಪ್ಪಲಿನಲ್ಲಿ ಕಾಡುದಾರಿಯ ಓಟ ಉಂಟು, ಹೋಗುವ ಎಂದದ್ದು ಅವರೇ. ಬೆಳಗಿನ ಓಟ, ಮುಖ್ಯ ಅತಿಥಿ ಬರುವುದು ತಡವಾಗಿ, ದೀಪ ಬೆಳಗಿ ಭಾಷಣ ಮುಗಿದು, ಬಿಸಿಲೇರಿದ ಮೇಲೆ ಆರಂಭವಾಯಿತು. ದಾರಿ ತಿಳಿಯಲು ಮರಗಳಿಗೆ ಕೆಂಪು ರಿಬ್ಬನ್ ಕಟ್ಟಿದ್ದಾರೆ, ಅದನ್ನು ನೋಡಿಕೊಂಡು ಹೋದರೆ ಸಾಕು ಎಂದು ಹೇಳಿ ಬಿಟ್ಟರು.

ನಾವು ಎಲ್ಲರಿಗಿಂತ ಹಿಂದಿದ್ದೆವು. ಹಳ್ಳ ದಾಟಿದ ಮೇಲೆ ದಾರಿ ಕವಲೊಡೆಯಿತು. ಅಲ್ಲಿ ರಿಬ್ಬನ್ ಇರಲಿಲ್ಲ. ಒಂದು ಕೊಂಬೆಯಲ್ಲಿ ಬಿಚ್ಚಲಾಗದ ಗಂಟು ಮಾತ್ರ ಉಳಿದಿತ್ತು, ಉಳಿದದ್ದನ್ನು ಕತ್ತರಿಸಿದ್ದರು. ಎಡಕ್ಕೆ ಹೋದೆವು. ಬಹಳ ದೂರ ಹೋದ ಮೇಲೆ ತಪ್ಪು ಗೊತ್ತಾಯಿತು. ವಾಪಸಾಗುವಾಗ ಇಳಿಜಾರಿನಲ್ಲಿ ಭಾವ ಜಾರಿ ಬಿದ್ದರು. ಫೋನಿಗೆ ಸಿಗ್ನಲ್ ಇಲ್ಲ. ಹಗಲಿನ ಓಟವಾದ್ದರಿಂದ ಯಾರೂ ಟಾರ್ಚ್ ತರಲು ಹೇಳಿರಲಿಲ್ಲ. ಹುಡುಕಿಕೊಂಡು ಬರುವವರೂ ಇರಲಿಲ್ಲ. ನಾನು ಉಜಿರೆಯಲ್ಲಿ ಉಳಿದೆನೆಂದು ನನ್ನ ಮನೆಯಲ್ಲಿ, ಭಾವ ಬಂಟ್ವಾಳಕ್ಕೆ ಹೋದರೆಂದು ಅವರ ಮನೆಯಲ್ಲಿ ಭಾವಿಸಿದ್ದರು.

ಕತ್ತಲಾಯಿತು. ಬೆವರಿನ ಬನಿಯನ್ ಮೈಮೇಲೆಯೇ ತಣ್ಣಗಾಯಿತು. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂತೆವು. ಮೇಲೆಲ್ಲೋ ಮರ ಮುರಿಯುವ ಸದ್ದು.

"ಆನೆಯಾ?" ಭಾವ ಕೇಳಿದರು.

"ಇರಬಹುದು."

"ಓಡುವ ಅಂತ ಮಾತ್ರ ಹೇಳಬೇಡಿ. ನನ್ನ ಇವತ್ತಿನ ಓಟ ಮುಗಿಯಿತು."

ಸ್ವಲ್ಪ ಹೊತ್ತಿನ ನಂತರ ನಗು ಇಲ್ಲದ ಧ್ವನಿಯಲ್ಲಿ ಹೇಳಿದರು: "ಆ ರಿಬ್ಬನ್ ಬಿಚ್ಚಿದವ ಸಿಗಲಿ ಮಾರಾಯ್ರೆ, ಇದೇ ಬಂಡೆಗೆ ಕಟ್ಟಿ ಹಾಕ್ತೇನೆ."

ಇಬ್ಬರೂ ನಿದ್ದೆ ಮಾಡಲಿಲ್ಲ. ನೋವು ಜಾಸ್ತಿಯಾದಾಗ ಭಾವ ತುಳುವಿನಲ್ಲಿ ತೀರಿಹೋದ ಅಮ್ಮನನ್ನು ಕರೆಯುತ್ತಿದ್ದರು.

ಬೆಳಕು ಹರಿದ ಮೇಲೆ ನನ್ನ ಹೆಗಲಿಗೆ ಆತುಕೊಂಡು ಅವರು ಕುಂಟುತ್ತ ಇಳಿದರು. ಕಾಡಿನ ಅಂಚಿಗೆ ರಬ್ಬರ್ ತೋಟ, ಅದರಾಚೆ ಮನೆ. ನಾಯಿ ಬೊಗಳಿತು. ರಬ್ಬರ್ ಮರ ಕೆತ್ತುವ ಟ್ಯಾಪಿಂಗ್ ಕತ್ತಿ ಹಿಡಿದಿದ್ದ ಯಜಮಾನರು ಅಂಗಳದಲ್ಲೇ ನಿಂತು, "ಯಾವ ಇಲಾಖೆ?" ಎಂದು ಕೇಳಿದರು. ಅವರ ಹಿಂದೆ ಜಗಲಿಯ ಮೊಳೆಯಲ್ಲಿ ಕೆಂಪು ರಿಬ್ಬನ್‌ಗಳ ಕಟ್ಟು ತೂಗುತ್ತಿತ್ತು.

ನಾವು ಓಟದವರು ಎಂದೆ. ಅವರಿಗೆ ಅರ್ಥವಾಗಲಿಲ್ಲ. "ಓಡಲಿಕ್ಕೆ ರಿಬ್ಬನ್ ಯಾಕೆ ಸಾರ್?"

ಆಮೇಲೆ ಹೇಳಿದರು. ಹಿಂದಿನ ದಿನ ಮಧ್ಯಾಹ್ನ ಪೇಟೆಯಿಂದ ಬರುವಾಗ ಮನೆಗೆ ನೀರು ಬರುವುದು ನಿಂತಿತ್ತು. ಹಳ್ಳದಿಂದ ಬರುವ ಪೈಪನ್ನು ನೋಡಲು ಮೇಲೆ ಹೋದರೆ ಯಾರೋ ಮೆಟ್ಟಿ ಜೋಡಣೆ ತಪ್ಪಿಸಿದ್ದರು. ಪಕ್ಕದ ಮರಗಳಿಗೆಲ್ಲ ರಿಬ್ಬನ್. "ಹಿಂದೆ ತಮ್ಮನ ಜಾಗದಲ್ಲಿಯೂ ಹೀಗೆಯೇ ಕಟ್ಟಿದ್ದು. ಮಕ್ಕಳಾಟ ಅಂತ ಬಿಟ್ಟೆವು. ಆಮೇಲೆ ಸರ್ವೆಯವರು ಬಂದರು, ಕರೆಂಟಿನ ದೊಡ್ಡ ಲೈನ್ ಬಂತು. ಅದರ ಅಡಿಯಲ್ಲಿ ಒಂದೂ ರಬ್ಬರ್ ಮರ ಬಿಡಲಿಲ್ಲ."

ಅವರ ಹೆಂಡತಿ ಬಿಸಿ ಗಂಜಿ ಕೊಟ್ಟರು. ಭಾವ ಎರಡು ಸಲ ಹಾಕಿಸಿಕೊಂಡರು. ಯಜಮಾನರೇ ತಮ್ಮ ಪಿಕಪ್‌ನಲ್ಲಿ ನಮ್ಮನ್ನು ಉಜಿರೆಯ ಆಸ್ಪತ್ರೆಗೆ ತಂದರು. "ಬಂಡೆಗೆ ಕಟ್ಟುವುದು ಕ್ಯಾನ್ಸಲ್," ಎಂದು ದಾರಿಯಲ್ಲಿ ಭಾವ ನಕ್ಕರು. ನಾನು ಪತ್ರಿಕೆಯವನೆಂದು ತಿಳಿದಾಗ ಯಜಮಾನರು ಒಂದೇ ಮಾತು ಹೇಳಿದರು: "ಬರೆಯಿರಿ ಸಾರ್. ಓಟ ಉಂಟು ಅಂತ ನಮಗೆ ಯಾರೂ ಹೇಳಲಿಲ್ಲ ಅಂತ ಬರೆಯಿರಿ."

ಬರೆದೆ. ಎಲ್ಲಿ, ಹೇಗೆ, ಯಾಕೆ ಎಂಬುದನ್ನೆಲ್ಲ ಬರೆದೆ. ಅವರ ಹೆಸರು ಹಾಕಲಿಲ್ಲ. ಕಾಡಂಚಿನ ರಬ್ಬರ್ ತೋಟ, ಹಳ್ಳದ ಮೇಲಿನ ಕವಲು ಎಂದು ಜಾಗವನ್ನು ಮಾತ್ರ ಗುರುತಿಸಿದೆ. ಮರುದಿನದ ಪುಟದಲ್ಲಿ ನನ್ನ ವರದಿಯೂ ಸಂಘಟಕರ ಪ್ರಕಟಣೆಯೂ ಸೇರಿ ಒಂದೇ ಸುದ್ದಿಯಾಗಿದ್ದವು. ಜಾಗದ ವಿವರ ಹಾಗೆಯೇ ಇತ್ತು, ಕಾರಣ ಇರಲಿಲ್ಲ. "ಕಿಡಿಗೇಡಿಗಳು ಮಾರ್ಗಸೂಚಿ ತೆರವುಗೊಳಿಸಿದ ಪರಿಣಾಮ" ಎಂದಿತ್ತು. ಮಾಡಿದವರು ಯಾರೆಂದು ಗೊತ್ತಿಲ್ಲದಾಗ ನಮ್ಮ ಆಫೀಸಿನಲ್ಲಿ ಬಳಸುವ ಪದ ಅದು. ಪುಟ ನೋಡಿಕೊಳ್ಳುವವನನ್ನು ಕೇಳಿದೆ. "ಜಾಗ ಇರಲಿಲ್ಲ ಸಾರ್," ಎಂದ. ಅದೇ ಪುಟದ ಕೆಳಗೆ ಸಂಘಟಕರ ಕೃತಜ್ಞತಾ ಜಾಹೀರಾತು ಇತ್ತು.

ಆ ವಾರವೇ ಸಂಘಟಕರು ಪೊಲೀಸರಿಗೆ ದೂರು ಕೊಟ್ಟರು. ಗಾಯಾಳು ಎಂದು ಸಹಿ ಹಾಕಿದವರು ಭಾವ.

ಫೋನ್ ಮಾಡಿದೆ. "ಅವರ ಗಾಡಿಯಲ್ಲೇ ಬಂದದ್ದಲ್ವಾ ಭಾವ?"

"ಬಂದದ್ದು ಹೌದು. ರಿಬ್ಬನ್ ಬಿಚ್ಚಿದ್ದೂ ಅವರೇ ಅಲ್ವಾ? ಸಂಘಟಕರೆಲ್ಲ ನಮ್ಮ ಹೋಟೆಲಿಗೆ ಬರುವ ಗಿರಾಕಿಗಳು. ಒಂದು ಸಹಿಗೆ ಯಾರು ಬೇಡ ಅಂತಾರೆ? ಮನೆ ಯಾವುದು ಅಂತ ನಾನು ಹೇಳಲಿಲ್ಲ. ನೀವು ಅದನ್ನು ದೊಡ್ಡದು ಮಾಡಬೇಡಿ."

ಪೊಲೀಸರು ಯಜಮಾನರನ್ನು ಕರೆಸಿದ್ದಾರೆಂದು ತಿಳಿದು ಠಾಣೆಗೆ ಹೋಗಿ ನನಗೆ ಗೊತ್ತಿರುವುದನ್ನು ಹೇಳಿದೆ. ಅಧಿಕಾರಿ ಪೂರ್ತಿ ಕೇಳಿದರು, ನಂತರ ಮೇಜಿನ ಮೇಲಿದ್ದ ಪತ್ರಿಕೆಯ ತುಂಡನ್ನು ನನ್ನ ಕಡೆಗೆ ತಿರುಗಿಸಿದರು. "ನಿಮ್ಮದೇ ಪೇಪರ್ ಅಲ್ವಾ ಸಾರ್?" ಕೇಸು ಮಾಡಲಿಲ್ಲ. ಇನ್ನು ಮುಂದೆ ಇಂಥ ಕೃತ್ಯ ಎಸಗುವುದಿಲ್ಲವೆಂದು ಯಜಮಾನರಿಂದ ಮುಚ್ಚಳಿಕೆ ಬರೆಸಿಕೊಂಡು ಕಳುಹಿಸಿದರು.

ಹೊರಗೆ ಯಜಮಾನರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

"ನಾನು ಹೇಳಿದ್ದು ಯಾವ ಪುಟದಲ್ಲಿ ಬಂದಿದೆ ಸಾರ್? ಮಗಳು ಇಡೀ ಪೇಪರ್ ಹುಡುಕಿದಳು."

"ಬಂದಿಲ್ಲ," ಎಂದೆ.

"ಕಾಡಂಚಿನ ರಬ್ಬರ್ ತೋಟ ಅಂತ ಉಂಟಲ್ಲ?"

"ಅದು ನಾನು ಬರೆದದ್ದು."

ಅವರು ನನ್ನನ್ನೇ ನೋಡಿದರು. ಧ್ವನಿ ಏರಿಸಲಿಲ್ಲ. "ಹಾಗಾದರೆ ಪೊಲೀಸರಿಗೆ ನನ್ನ ಮನೆ ಸಿಕ್ಕಿದ್ದು ಅದರಿಂದಲೇ."

"ಹೌದು," ಎಂದೆ.